ಅಂಗಡಿಯ ಕರಪತ್ರ, ಮನೆಯ ಚೀಟಿ: ತಪ್ಪು ಕಲ್ಪನೆ ಮತ್ತು ಸತ್ಯ

ದಿನಪತ್ರಿಕೆಯ ಮಡಿಕೆಯೊಳಗೆ ಬರುವ ಸೂಪರ್ ಮಾರ್ಕೆಟ್ಟಿನ ಕರಪತ್ರ ಮತ್ತು ಅಡುಗೆಮನೆಯ ಡಬ್ಬಗಳನ್ನು ನೋಡಿ ಬರೆಯುವ ಸಾಮಾನಿನ ಚೀಟಿ, ಇವೆರಡೂ ಕರ್ನಾಟಕದ ನಗರ ಪಟ್ಟಣಗಳ ದಿನಸಿ ಖರೀದಿಯನ್ನು ರೂಪಿಸುತ್ತವೆ. ಮೊದಲನೆಯದು ಅಂಗಡಿ ಮಾರಬಯಸುವುದನ್ನೂ ಎರಡನೆಯದು ಮನೆಗೆ ಬೇಕಾದುದನ್ನೂ ಹೇಳುವುದರಿಂದ, ಇವುಗಳ ಬಗ್ಗೆ ಬೇರೂರಿರುವ ನಂಬಿಕೆಗಳನ್ನು ಪರಿಶೀಲಿಸುವುದು ಅಗತ್ಯ.

ತಪ್ಪು ಕಲ್ಪನೆ: ಕರಪತ್ರದಲ್ಲಿ ಅಚ್ಚಾದುದೆಲ್ಲ ಅಗ್ಗ.
ಸತ್ಯ: ಸಕ್ಕರೆ, ಎಣ್ಣೆಗಳಂತೆ ಎಲ್ಲರಿಗೂ ಬೆಲೆ ತಿಳಿದಿರುವ ಕೆಲವು ಸಾಮಾನುಗಳನ್ನು ಅತ್ಯಲ್ಪ ಲಾಭಕ್ಕೆ, ಕೆಲವೊಮ್ಮೆ ನಷ್ಟಕ್ಕೇ ಮಾರಿ ಗ್ರಾಹಕರನ್ನು ಸೆಳೆದು, ಆ ಕೊರತೆಯನ್ನು ಬೇರೆ ಸರಕುಗಳ ಲಾಭದಿಂದ ತುಂಬಿಕೊಳ್ಳುವುದು ಚಿಲ್ಲರೆ ವ್ಯಾಪಾರದ ಹಳೆಯ ಪದ್ಧತಿ, ಪತ್ರದ ಉಳಿದ ಜಾಗಕ್ಕೆ ತಯಾರಕ ಕಂಪನಿಗಳೇ ಹಣ ಕೊಡುವುದೂ ಉಂಟು. ಬೆಲೆ ಇಳಿಯದಿದ್ದರೂ ‘ವಿಶೇಷ ಕೊಡುಗೆ’ ಎಂಬ ಸೂಚನೆಯೊಂದೇ, ವಿವರಗಳನ್ನು ಅಳೆದು ತೂಗದ ಗ್ರಾಹಕರನ್ನು ಆ ವಸ್ತುವಿನತ್ತ ಒಲಿಸಬಲ್ಲದೆಂದು ಅಮೆರಿಕದ ಇನ್‌ಮನ್, ಮೆಕ್‌ಅಲಿಸ್ಟರ್ ಮತ್ತು ಹೋಯರ್ ಅವರ 1990ರ ಅಧ್ಯಯನ ತೋರಿಸಿತು.

ತಪ್ಪು ಕಲ್ಪನೆ: ರಿಯಾಯಿತಿಯ ಶೇಕಡಾವಾರು ಎಷ್ಟೋ ಉಳಿತಾಯವೂ ಅಷ್ಟೇ.
ಸತ್ಯ: ರಿಯಾಯಿತಿಯನ್ನು ಸಾಮಾನ್ಯವಾಗಿ ಎಂಆರ್‌ಪಿಯಿಂದ, ಅಂದರೆ ಎಲ್ಲ ತೆರಿಗೆಗಳೂ ಸೇರಿ ಮಾರಬಹುದಾದ ಗರಿಷ್ಠ ಚಿಲ್ಲರೆ ಬೆಲೆಯಿಂದ ಲೆಕ್ಕ ಹಾಕಲಾಗುತ್ತದೆ, ಅದು ಕಾನೂನಿನ ಪ್ರಕಾರ ಮೀರಬಾರದ ಮೇಲ್ಮಿತಿಯೇ ಹೊರತು ಪೇಟೆಯಲ್ಲಿ ನಡೆಯುತ್ತಿರುವ ಬೆಲೆಯಲ್ಲ. 200 ರೂಪಾಯಿ ಎಂಆರ್‌ಪಿಯ ವಸ್ತುವನ್ನು ಬೀದಿಯ ಕಿರಾಣಿ ಅಂಗಡಿ 165ಕ್ಕೆ ಕೊಡುತ್ತಿದ್ದರೆ, ಶೇಕಡ 15ರ ರಿಯಾಯಿತಿಯಲ್ಲಿ 170ಕ್ಕೆ ಕೊಂಡವರು ಐದು ರೂಪಾಯಿ ಹೆಚ್ಚೇ ತೆತ್ತಂತಾಯಿತು.

ತಪ್ಪು ಕಲ್ಪನೆ: ದೊಡ್ಡ ಪೊಟ್ಟಣ ಯಾವಾಗಲೂ ಲಾಭಕರ.
ಸತ್ಯ: ಹಲವು ವೇಳೆ ಹೌದಾದರೂ ಯಾವಾಗಲೂ ಅಲ್ಲ. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯು ಏಕಮಾನ ಬೆಲೆಯನ್ನು, ಎಂದರೆ ಒಂದು ಗ್ರಾಂ ಅಥವಾ ಒಂದು ಕಿಲೋಗೆ ಬೀಳುವ ಬೆಲೆಯನ್ನು, ಮುದ್ರಿಸಬೇಕೆಂದು ವಿಧಿಸಿದೆ. ಕಿಲೋಗಿಂತ ಕಡಿಮೆ ತೂಕದ ಪೊಟ್ಟಣದ ಮೇಲೆ ಗ್ರಾಂ ಲೆಕ್ಕವೂ ಹೆಚ್ಚಿನ ತೂಕದ್ದರ ಮೇಲೆ ಕಿಲೋ ಲೆಕ್ಕವೂ ಇರುವುದರಿಂದ, ಸಣ್ಣದರ ಮೇಲಿನ 0.18 ರೂಪಾಯಿಯನ್ನು ಸಾವಿರದಿಂದ ಗುಣಿಸಿದರೆ ಮಾತ್ರ ಅದು ಕಿಲೋಗೆ 180 ಆಗುತ್ತದೆಂದೂ, 190 ಎಂದು ನಮೂದಾದ ದೊಡ್ಡ ಪೊಟ್ಟಣಕ್ಕಿಂತ ಅಗ್ಗವೆಂದೂ ತಿಳಿಯುತ್ತದೆ.

ತಪ್ಪು ಕಲ್ಪನೆ: ಚೀಟಿ ಕೈಯಲ್ಲಿದ್ದರೆ ಅನಗತ್ಯ ಖರೀದಿ ಆಗುವುದಿಲ್ಲ.
ಸತ್ಯ: ಲಾರೆನ್ ಬ್ಲಾಕ್ ಮತ್ತು ವಿಕಿ ಮಾರ್ವಿಟ್ಜ್ 1999ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನದ ಪ್ರಕಾರ, ಬರೆದುಕೊಂಡ ವಸ್ತುಗಳಲ್ಲಿ ಸುಮಾರು ಶೇಕಡ 80ನ್ನು ಗ್ರಾಹಕರು ಕೊಂಡರು, ಆದರೆ ಕೊಂಡುದರಲ್ಲಿ ಚೀಟಿಯಲ್ಲಿದ್ದುದು ಸುಮಾರು ಶೇಕಡ 40 ಮಾತ್ರ. ಚೀಟಿಯು ಮರೆವನ್ನು ತಡೆಯುತ್ತದೆ, ಆಸೆಯನ್ನು ತಾನಾಗಿ ತಡೆಯುವುದಿಲ್ಲ. ಮೇಲಾಗಿ, ಏನನ್ನು ಬರೆದುಕೊಳ್ಳಬೇಕೆಂಬುದನ್ನೇ ಅಗತ್ಯದ ಜೊತೆಗೆ ಬೆಲೆಯ ಆಮಿಷವೂ ನಿರ್ಧರಿಸುವುದರಿಂದ, ಕರಪತ್ರವನ್ನು ಎದುರಿಗಿಟ್ಟುಕೊಂಡು ಬರೆದ ಚೀಟಿಯು ಮನೆಯದಾಗದೆ ಅಂಗಡಿಯದೇ ಪಟ್ಟಿಯ ನಕಲಾಗುತ್ತದೆ.

ಆದುದರಿಂದ ಕರಪತ್ರವನ್ನು ದೂರಬೇಕಾಗಿಲ್ಲ, ಅದರ ಸರದಿಯನ್ನು ಬದಲಿಸಿದರೆ ಸಾಕು. ಡಬ್ಬಗಳನ್ನು ನೋಡಿ ಅಳತೆಸಹಿತ ಚೀಟಿ ಬರೆದ ಮೇಲೆ, ಅದರಲ್ಲಿರುವ ವಸ್ತುಗಳನ್ನು ಎಲ್ಲಿ ಕೊಳ್ಳಬೇಕೆಂದು ತೀರ್ಮಾನಿಸಲು ಮಾತ್ರ ಕರಪತ್ರವನ್ನು ತೆರೆಯಬೇಕು. ಜಾಹೀರಾತಿನ ಬೆಲೆಗೆ ವಸ್ತುವನ್ನು ಕೊಡುವ ಉದ್ದೇಶವೇ ಇಲ್ಲದೆ ಜನರನ್ನು ಸೆಳೆಯುವುದನ್ನು 2022ರ ಕೇಂದ್ರ ಮಾರ್ಗಸೂಚಿಗಳು ನಿರ್ಬಂಧಿಸಿರುವುದರಿಂದ, ಅಂತಹ ಮೋಸ ಕಂಡುಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು.