ಜಮ್ಮಾ ಕೋವಿಗೂ ಕಾನೂನುಂಟು

ಸೆಪ್ಟೆಂಬರ್ ಮೊದಲ ವಾರ ಕೊಡಗಿನಲ್ಲಿ ಕೈಲ್ ಮುಹೂರ್ತ. ನಾಟಿ ಕೆಲಸ ಮುಗಿಸಿದ ಒಕ್ಕದವರು (ಒಂದೇ ಮನೆತನದವರು) ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ. ಸುಗ್ಗಿ ಹಬ್ಬವಾದ ಪುತ್ತರಿಯ ದಿನ ಕದಿರು ಕೊಯ್ಯುವಾಗ ಗುಂಡು, ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಊರಿಗೆ ತಿಳಿಸಲು ಎರಡು. ಹೊರಗಿನಿಂದ ಬಂದವರು ಇದನ್ನೆಲ್ಲ ನೋಡಿ ಕೇಳುವುದು ಒಂದೇ ಪ್ರಶ್ನೆ: ಇವರಿಗೆ ಲೈಸೆನ್ಸ್ ಬೇಡವೇ?

ಉಳಿದ ಭಾರತದಲ್ಲಂತೂ ಬೇಕೇ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು, ಠಾಣೆಯಿಂದ ವರದಿ ಬರಬೇಕು, ಕಾರಣ ಅಧಿಕಾರಿಗೆ ಒಪ್ಪಿಗೆಯಾಗಬೇಕು. ಆತ್ಮರಕ್ಷಣೆ, ಕ್ರೀಡೆ, ಬೆಳೆ ರಕ್ಷಣೆ ಇವೆಲ್ಲ ಕಾಯ್ದೆಯೇ ಹೆಸರಿಸಿದ ಕಾರಣಗಳು. ಸ್ವಯಂಚಾಲಿತ ಬಂದೂಕುಗಳು ನಿಷೇಧಿತ ವರ್ಗಕ್ಕೆ ಸೇರಿದ್ದು, ಅವಕ್ಕೆ ಕೇಂದ್ರ ಸರ್ಕಾರದ ವಿಶೇಷ ಅನುಮತಿಯೇ ಆಗಬೇಕು. 2019ರ ಡಿಸೆಂಬರ್‌ನಲ್ಲಿ ಸಂಸತ್ತು ಕಟ್ಟಳೆಯನ್ನು ಇನ್ನೂ ಬಿಗಿ ಮಾಡಿತು. ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಾಗಿದ್ದುದು ಎರಡಕ್ಕೆ ಇಳಿಯಿತು. ಪರವಾನಗಿಯ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿತು.

ಕೊಡಗಿನ ಕಥೆ ಬೇರೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯವನ್ನು ವಶಪಡಿಸಿಕೊಂಡ ಬ್ರಿಟಿಷರು, 1857ರ ದಂಗೆಯ ಬಳಿಕ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರನ್ನು ಆ ಕಾಯ್ದೆಯಿಂದ ಹೊರಗಿಟ್ಟರು. ಜಮ್ಮಾ ಭೂಮಿಯ ನಂಟು ಇದಕ್ಕಿಂತ ಹಳೆಯದು. ರಾಜರ ಕಾಲದಲ್ಲಿ ಕರೆ ಬಂದಾಗ ಆಯುಧ ಹಿಡಿದು ಹೋಗುವ ಹೊಣೆ ಹೊತ್ತ ಕುಟುಂಬಗಳಿಗೆ ಕಡಿಮೆ ಕಂದಾಯದಲ್ಲಿ ಈ ಜಮ್ಮಾ ಭೂಮಿ ಸಿಗುತ್ತಿತ್ತು. ಹೀಗೆ ಭೂಮಿ, ಸೇವೆ, ಕೋವಿ ಮೂರೂ ಒಂದಕ್ಕೊಂದು ಹೆಣೆದುಕೊಂಡವು.

ಸ್ವತಂತ್ರ ಭಾರತ ಈ ವಿನಾಯಿತಿಯನ್ನು ಅಳಿಸಲಿಲ್ಲ. 1959ರ ಕಾಯ್ದೆಯ 41ನೇ ಕಲಮು ಕೇಂದ್ರಕ್ಕೆ ವಿನಾಯಿತಿ ಕೊಡುವ ಅಧಿಕಾರ ನೀಡುತ್ತದೆ. ಅದನ್ನು ಬಳಸಿ 1963ರ ಅಧಿಸೂಚನೆಯಲ್ಲಿ ಕೊಡವರನ್ನೂ ಕೊಡಗಿನ ಜಮ್ಮಾ ಹಿಡುವಳಿದಾರರನ್ನೂ ಪರವಾನಗಿಯಿಂದ ಬಿಡಲಾಯಿತು. ‘ಕೊಡವರಿಗೆ ಮಾತ್ರ’ ಎಂಬುದು ಜನಜನಿತ ತಪ್ಪು ತಿಳಿವಳಿಕೆ. ಜಮ್ಮಾ ಭೂಮಿ ಇರುವ ಗೌಡರಿಗೂ ಇತರ ಸಮುದಾಯದವರಿಗೂ ಈ ಹಕ್ಕುಂಟು. ಆದರೆ ಕೊಡಗಿನಲ್ಲಿ ತೋಟ ಕೊಂಡ ಮಾತ್ರಕ್ಕೆ ಯಾರಿಗೂ ಇದು ದಕ್ಕುವುದಿಲ್ಲ.

ಜಿಲ್ಲೆಯ ಗಡಿ ದಾಟಿದವರಿಗೆ ಮಿತಿಯೂ ಇದೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನಯವಾದ ನಳಿಗೆಯ (ಸ್ಮೂತ್ ಬೋರ್) ಬಂದೂಕು, ಅದಕ್ಕೆ 500 ತೋಟಾ ಅಥವಾ ಅದಕ್ಕೆ ಸಮನಾದ ಸೀಸ, ಮದ್ದು. ಬೆಂಗಳೂರಿಗೆ ನೌಕರಿಗೆ ಹೋದವರೂ ಈ ಲೆಕ್ಕ ಮೀರುವಂತಿಲ್ಲ.

ಜಾತಿ, ಭೂಮಿಯ ಆಧಾರದಲ್ಲಿ ಇಂಥ ರಿಯಾಯಿತಿ ಸಂವಿಧಾನದ ಸಮಾನತೆಗೆ ವಿರುದ್ಧವಲ್ಲವೇ ಎಂಬ ಪ್ರಶ್ನೆ ಕರ್ನಾಟಕ ಹೈಕೋರ್ಟಿಗೂ ಬಂತು. 2021ರ ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ವಿನಾಯಿತಿಯನ್ನು ಎತ್ತಿಹಿಡಿಯಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ಹಕ್ಕು, ಜೊತೆಗೆ ಷರತ್ತು ಮತ್ತು ಅವಧಿಗೆ ಒಳಪಟ್ಟದ್ದು ಎಂಬುದನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತು. ನನಗೆ ಇಲ್ಲಿ ಮುಖ್ಯವೆನಿಸುವುದು ಆ ಷರತ್ತಿನ ಮಾತು. ಜಮ್ಮಾ ಕೋವಿಯ ಬಗ್ಗೆ ಅಭಿಮಾನದಿಂದ ಮಾತಾಡುವವರು ಬಹಳ, ಅದರ ಮಿತಿಗಳನ್ನು ಮಕ್ಕಳಿಗೆ ಹೇಳಿಕೊಡುವವರು ಕಡಿಮೆ.

ವಿನಾಯಿತಿ ಇರುವುದು ಪರವಾನಗಿಯಿಂದ, ಅಪರಾಧದಿಂದಲ್ಲ. ತೋಟಕ್ಕೆ ನುಗ್ಗುವ ಆನೆ, ಹಂದಿಗಳಿಂದ ಕಂಗೆಟ್ಟ ಬೆಳೆಗಾರರ ಸಂಕಟ ನಿಜ. ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಮ್ಮಾ ಕೋವಿಗೆ ಬೇಟೆಯ ಅನುಮತಿ ಕೊಟ್ಟಿಲ್ಲ. ಸಂಭ್ರಮಕ್ಕೆಂದು ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ಬಳಿಕ ಶಿಕ್ಷಾರ್ಹ: ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮದುವೆ ಮನೆಯಂಗಳದಲ್ಲಿ ನೆಂಟರು ಕಿಕ್ಕಿರಿದು ನಿಂತಿರುವಾಗ ಇದು ನೆನಪಿರಬೇಕು.

2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಗೆ ಬಂದೂಕಿನ ಸುರಕ್ಷತಾ ತರಬೇತಿಯನ್ನು ಸೇರಿಸಿವೆ. ವಿನಾಯಿತಿ ಇರುವ ಮನೆಗಳೂ ಸ್ವಂತ ಮನಸ್ಸಿನಿಂದ ಅದನ್ನು ಕಲಿಯಬೇಕು. ಕೋವಿಯನ್ನು ದೇವರ ಪಕ್ಕ ಇಟ್ಟು ಪೂಜಿಸುವ ಮನೆಯಲ್ಲಿ ತುಂಬಿದ ನಳಿಗೆ ಗೋಡೆಗೆ ಒರಗಿರಬಾರದು. ಗುಂಡು ಒಂದು ಕಡೆ, ಕೋವಿ ಒಂದು ಕಡೆ ಬೀಗದೊಳಗೆ ಇರಬೇಕು. ಸಮಾಜಗಳು, ಒಕ್ಕಗಳ ಹಿರಿಯರು ಈ ಪಾಠವನ್ನು ಕೈಲ್ ಮುಹೂರ್ತದ ದಿನವೇ ಹುಡುಗರಿಗೆ ಹೇಳಿದರೆ ಒಳ್ಳೆಯದು.

ಈಗಿನ ವಿನಾಯಿತಿಯನ್ನು ಕೇಂದ್ರ ಗೃಹ ಸಚಿವಾಲಯ 2019ರ ಅಕ್ಟೋಬರ್‌ನಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಅದರ ಅವಧಿ ಮುಗಿಯುವುದು 2029ರ ಅಕ್ಟೋಬರ್ 31ಕ್ಕೆ.