ಎಂಟು ವಾರದಲ್ಲಿ ಇಂಗ್ಲಿಷ್ ಬರುತ್ತದೆಯೇ?

ಕಳೆದ ಬೇಸಿಗೆ ರಜೆಯಲ್ಲಿ ಭಾಲ್ಕಿಯ ಮಾಮಾನ ಮನೆಯಲ್ಲಿ ಒಂದು ಕಾಗದ ಎಲ್ಲರ ಕೈ ದಾಟಿ ಕೊನೆಗೆ ನನ್ನ ಕೈಗೆ ಬಂತು. ಅದು ಮಾಮಾನ ಮಗಳ ಒಇಟಿ ಪರೀಕ್ಷೆಯ ಫಲಿತಾಂಶ. ನಾನು ಅವಳನ್ನು ಆಪಾ ಎಂದೇ ಕರೆಯುವುದು. ಬೀದರ್‌ನಲ್ಲಿ ನರ್ಸ್ ಆಗಿದ್ದಾಳೆ. ಕೇಳುವಿಕೆ ಬಿ, ಓದು ಬಿ, ಮಾತು ಬಿ, ಬರವಣಿಗೆ ಮಾತ್ರ ಸಿ. ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಮೂರರಲ್ಲಿ ಬಿ ಮತ್ತು ಬರವಣಿಗೆಯಲ್ಲಿ ಕನಿಷ್ಠ ಸಿ ಪ್ಲಸ್ ಬೇಕು. "ಒಂದು ಪ್ಲಸ್ ಸಲುವಾಗಿ ಇಷ್ಟು ರೊಕ್ಕ ಹೋಯ್ತಾ?" ಎಂದು ಮಾಮಾ ಕೇಳಿದರು. ಯಾರೂ ಮಾತಾಡಲಿಲ್ಲ. ಸೈನ್ಸ್ ಓದುವವರಿಗೆ ಇಂಗ್ಲಿಷ್ ಬರುತ್ತದೆ ಎಂದು ಕಾಗದ ನನಗೆ ಕೊಟ್ಟಿದ್ದರು.

ನನ್ನ ಇಂಗ್ಲಿಷಿನ ಕಥೆ ನನ್ನ ಕ್ಲಾಸಿನವರಿಗೆ ಗೊತ್ತೇ ಇದೆ. ಔರಾದ್ ತಾಲೂಕಿನ ಕನ್ನಡ ಮಾಧ್ಯಮದಿಂದ ಬಂದ ನಾನು ಮೊದಲ ವಾರದ ಭೌತಶಾಸ್ತ್ರ ತರಗತಿಯಲ್ಲಿ 'ಬಾಡಿ ಅಟ್ ರೆಸ್ಟ್' ಎಂಬುದನ್ನು ನೋಟ್‌ಬುಕ್ಕಿನಲ್ಲಿ 'ವಿಶ್ರಾಂತಿ ಪಡೆಯುವ ಶರೀರ' ಎಂದು ಬರೆದುಕೊಂಡಿದ್ದೆ. ಪಕ್ಕದ ಗೆಳತಿ ಅದನ್ನು ಓದಿ ಎರಡು ದಿನ ನಕ್ಕಳು. ಹಾಗಾಗಿ ಆಪಾ ಎಲ್ಲಿ ಎಡವಿದಳು ಎಂದು ತಿಳಿಯುವ ಆಸೆ ಅವಳಿಗಿಂತ ನನಗೇ ಹೆಚ್ಚಿತ್ತು.

ಒಇಟಿ ಎಂದರೆ ವೈದ್ಯಕೀಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ. ನಾವು ಹೆಚ್ಚು ಕೇಳಿರುವ ಐಇಎಲ್‌ಟಿಎಸ್ 1989ರಲ್ಲಿ ಶುರುವಾದದ್ದು, ಎಲ್ಲ ವೃತ್ತಿಯವರಿಗೂ ವಿದೇಶದಲ್ಲಿ ಓದುವವರಿಗೂ ನಡೆಯುತ್ತದೆ, ಅಂಕ 9ರವರೆಗೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಎರಡನ್ನೂ ಒಪ್ಪುತ್ತದೆ. ಐಇಎಲ್‌ಟಿಎಸ್ ಆದರೆ ಬರವಣಿಗೆಯಲ್ಲಿ 6.5, ಉಳಿದದ್ದರಲ್ಲಿ 7 ಬೇಕು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ: ಐಇಎಲ್‌ಟಿಎಸ್ ಅಂಕ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಚಲಾವಣೆ. ಪಿಯುಸಿಯಲ್ಲೇ ಬರೆದಿಟ್ಟು ಡಿಗ್ರಿ ಮುಗಿದ ಮೇಲೆ ಉಪಯೋಗಿಸುತ್ತೇವೆ ಎನ್ನುವವರು ನಮ್ಮಲ್ಲಿದ್ದಾರೆ, ದಯವಿಟ್ಟು ದುಡ್ಡು ಉಳಿಸಿ.

ಆಪಾಳ ಸಮಸ್ಯೆ ವ್ಯಾಕರಣದಲ್ಲಿ ಇರಲಿಲ್ಲ. ಒಇಟಿ ಬರವಣಿಗೆಯಲ್ಲಿ ಒಬ್ಬ ರೋಗಿಯ ಟಿಪ್ಪಣಿಗಳನ್ನು ಕೊಡುತ್ತಾರೆ, ಅದನ್ನು ನೋಡಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಸುಮಾರು 180ರಿಂದ 200 ಪದಗಳ ಪತ್ರ ಬರೆಯಬೇಕು. ಅವಳು ಅಭ್ಯಾಸಕ್ಕೆ ಬರೆದ ಪತ್ರಗಳನ್ನು ನೋಡಿದೆ. ಟಿಪ್ಪಣಿಯಲ್ಲಿದ್ದದ್ದೆಲ್ಲ ಪತ್ರದಲ್ಲಿತ್ತು. ಹತ್ತು ವರ್ಷದ ಹಿಂದಿನ ಅಪೆಂಡಿಕ್ಸ್ ಆಪರೇಷನ್ ಮೊದಲ ಸಾಲಿನಲ್ಲಿ, ಈಗಿನ ಸಕ್ಕರೆ ಕಾಯಿಲೆಯ ಗಾಯ ಕೊನೆಯಲ್ಲಿ. ಪರೀಕ್ಷೆ ನೋಡುವುದು ಓದುವವರಿಗೆ ಯಾವುದು ಬೇಕು, ಯಾವುದು ಬೇಡ ಎಂದು ಆರಿಸುವುದನ್ನು. ಬಿಟ್ಟರೆ ಅಂಕ ಹೋಗುತ್ತದೆ ಎಂದು ನಾವು ಹತ್ತು ವರ್ಷ ಕಲಿತು ಬಂದಿದ್ದೇವೆ. ಅಲ್ಲಿ ಬಿಡದಿದ್ದರೆ ಅಂಕ ಹೋಗುತ್ತದೆ!

ಜೂನ್‌ನಲ್ಲಿ ಅವಳು ಹೈದರಾಬಾದಿಗೆ ಎಂಟು ವಾರದ ಪೂರ್ಣಾವಧಿ ಕೋರ್ಸಿಗೆ ಹೋದಳು. ಮಾಮಾ ಅದಕ್ಕೆ ಸಾಲ ಮಾಡಿದರು. ಎಂಟು ವಾರದಲ್ಲಿ ಏನಾಗುತ್ತದೆ ಎಂದು ನಮ್ಮ ಇಂಗ್ಲಿಷ್ ಉಪನ್ಯಾಸಕರನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಲೆಕ್ಕ ಹಾಕಿದರು. ಯುರೋಪಿನ ಮಾಪನದಲ್ಲಿ ಭಾಷೆಗೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು. ಕೇಂಬ್ರಿಜ್‌ನವರ ಅಂದಾಜಿನಂತೆ ಬಿ1 ಮುಟ್ಟಲು ಒಟ್ಟು 350–400 ಗಂಟೆ ಕಲಿಕೆ ಬೇಕು, ಬಿ2ಗೆ 500–600, ಸಿ1ಗೆ 700–800. ಅಂದರೆ ಒಂದು ಮೆಟ್ಟಿಲಿಗೆ ಹೆಚ್ಚುಕಡಿಮೆ 200 ಗಂಟೆ. ದಿನಕ್ಕೆ ಐದು ಗಂಟೆ, ವಾರಕ್ಕೆ ಐದು ದಿನ ಕೂತರೆ ಎಂಟು ವಾರಕ್ಕೆ 200. ಒಂದೇ ಮೆಟ್ಟಿಲು! ನಮ್ಮ ತರಗತಿ ವಾರಕ್ಕೆ ನಾಲ್ಕು ಗಂಟೆ, ಅದೇ ಮೆಟ್ಟಿಲಿಗೆ ಐವತ್ತು ವಾರ. ಊರಿನ ಗೋಡೆಗಳ ಮೇಲಿರುವ 'ಮೂವತ್ತು ದಿನದಲ್ಲಿ ನಿರರ್ಗಳ ಇಂಗ್ಲಿಷ್' ಎಂಬ ಪೋಸ್ಟರುಗಳನ್ನು ಈ ಲೆಕ್ಕ ಹಿಡಿದು ಓದಿ ನೋಡಿ.

ಗಂಟೆಗಳಷ್ಟೇ ಸಾಕಾಗುವುದಿಲ್ಲ ಎಂಬುದಕ್ಕೆ ಹೈದರಾಬಾದಿನದೇ ಉದಾಹರಣೆ ಇದೆ. 1958ರಲ್ಲಿ ಅಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು. ಇಂದು ಅದು ಇಫ್ಲು ಎಂಬ ಕೇಂದ್ರೀಯ ವಿಶ್ವವಿದ್ಯಾಲಯ. ಭಾರತ ಸರ್ಕಾರ 1964ರಲ್ಲಿ ಆರಂಭಿಸಿದ ಐಟೆಕ್ ಯೋಜನೆಯಡಿ ಬೇರೆ ದೇಶಗಳ ಅಧಿಕಾರಿಗಳು, ಶಿಕ್ಷಕರು ಇಂಗ್ಲಿಷ್ ಕಲಿಯಲು ಅಲ್ಲಿಗೆ ಬರುತ್ತಾರೆ. ನಾವು ಇಂಗ್ಲಿಷಿಗಾಗಿ ಹೊರದೇಶದ ಕಡೆ ನೋಡುತ್ತೇವೆ, ಅವರು ನಮ್ಮಿಂದ ಸುಮಾರು 140 ಕಿಲೋಮೀಟರ್ ದೂರಕ್ಕೆ ವಿಮಾನ ಹತ್ತಿ ಬರುತ್ತಾರೆ. (ಹೊಸದೇನಲ್ಲ. ಗಿಲಾನಿನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ನಮ್ಮ ಊರಲ್ಲೇ ಮದರಸಾ ಕಟ್ಟಿಸಿದವನು.) ಬೇರೆ ಬೇರೆ ದೇಶದ ಇಬ್ಬರು ಒಂದೇ ಕೋಣೆಯಲ್ಲಿದ್ದರೆ ಉಪ್ಪು ಕೇಳುವುದಕ್ಕೂ ಇಂಗ್ಲಿಷೇ ಬೇಕು. ನಮಗೆ ಆ ಕಷ್ಟವಿಲ್ಲ. ಗಂಟೆ ಹೊಡೆದ ತಕ್ಷಣ ಬೀದರ್‌ನವರು ದಖ್ಖನಿಗೆ, ಭಾಲ್ಕಿಯವರು ಕನ್ನಡಕ್ಕೆ, ಔರಾದಿನ ನಾವು ಮರಾಠಿಗೆ ಜಾರುತ್ತೇವೆ.

ಹಾಗೆಂದು ಈ ಭಾಷೆಗಳು ಅಡ್ಡಿ ಎಂದು ನಾನು ಒಪ್ಪುವುದಿಲ್ಲ. ಉರ್ದು ಬಲ್ಲವರ 'ಝೀರೋ' ಸರಿಯಾಗಿ ಬರುತ್ತದೆ, ಕನ್ನಡದವರದು 'ಜೀರೋ'. ಕನ್ನಡದವರಿಗೆ ಎ–ಏ ಅಕ್ಷರಗಳೇ ಬೇರೆ ಇರುವುದರಿಂದ 'ಪೆನ್' ಮತ್ತು 'ಪೇನ್' ಬೆರೆಯುವುದಿಲ್ಲ, ಮರಾಠಿ ಲಿಪಿಯಲ್ಲಿ ಆ ಭೇದವಿಲ್ಲ. ಉರ್ದುವಿನವರು 'ಇಸ್ಕೂಲ್' ಎಂದು ಮುಂದೆ ಸ್ವರ ಹಚ್ಚಿದರೆ ನಾವು 'ಸ್ಕೂಲು' ಎಂದು ಹಿಂದೆ ಹಚ್ಚುತ್ತೇವೆ. ನಮ್ಮ ಬೆಂಚಿನಲ್ಲಿ ಮೂವರೂ ಕೂತಿರುವುದರಿಂದ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತೇವೆ.

ಆಪಾ ಆಗಸ್ಟ್‌ನಲ್ಲಿ ವಾಪಸ್ ಬಂದಳು. ಮುಂದಿನ ತಿಂಗಳು ಮತ್ತೆ ಪರೀಕ್ಷೆ. ಹೋದ ಶನಿವಾರ ಔರಾದ್ ಬಸ್ಸಿನಲ್ಲಿ ಅವಳೊಂದಿಗೆ ಮಾತಿನ ಪರೀಕ್ಷೆಯ ಅಭ್ಯಾಸ ನಡೆಸಿದೆವು. ಅಲ್ಲಿ ಎರಡು ಪಾತ್ರಾಭಿನಯ ಇರುತ್ತವೆ, ಪ್ರತಿಯೊಂದೂ ಐದು ನಿಮಿಷದ ಆಸುಪಾಸು. ಅವಳು ನರ್ಸ್, ನಾನು ಇಂಜೆಕ್ಷನ್ನಿಗೆ ಹೆದರುವ ರೋಗಿ. ಎರಡು ಸಲ ನಾನು ಮಾತು ಸಿಗದೆ ಕನ್ನಡಕ್ಕೆ ಜಾರಿದೆ, ಅವಳು ಬಿಡಲಿಲ್ಲ. ಮುಂದಿನ ಸೀಟಿನ ಅಜ್ಜಿ ತಿರುಗಿ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಇಲ್ಲವಲ್ಲ ಎಂದರು.