‘ಪುಟಾಣಿ ಕೊಡ್ರಿ’ ಅಂದೆ, ಅಂಗಡಿಯವ ನಕ್ಕ!

ಅದು 1984ರ ಜುಲೈ. ಧಾರವಾಡದಲ್ಲಿ ಬಿ.ಎ. ಮೊದಲ ವರ್ಷ ಮುಗಿಸಿದ್ದೆ. ಕೆ.ಇ.ಬಿ.ಯಲ್ಲಿದ್ದ ಅಪ್ಪನಿಗೆ ಹುಣಸೂರಿಗೆ ವರ್ಗವಾಯಿತು. ಟಿ.ಸಿ., ಮೈಗ್ರೇಶನ್ ಸರ್ಟಿಫಿಕೇಟು, ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ... ಇಷ್ಟು ಹೊತ್ತು ಮೈಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಮೈಸೂರು ವಿಶ್ವವಿದ್ಯಾನಿಲಯದ ಒಂದು ಕಾಲೇಜಿನಲ್ಲಿ ಸೀಟು, ಹಾಸ್ಟೆಲಿನಲ್ಲಿ ರೂಮು. ಕುವೆಂಪು ಅವರ ಊರು, ಪ್ರೀಮಿಯರ್ ಸ್ಟುಡಿಯೋ ಇದ್ದ ಊರು! ಇನ್ನೇನು ಬೇಕು ಅಂದುಕೊಂಡೆ.

ಮೊದಲ ದಿನವೇ ಎಡವಟ್ಟು. ಅಂಗಡಿಗೆ ಹೋಗಿ ‘ಕಾಲು ಕೆ.ಜಿ. ಪುಟಾಣಿ ಕೊಡ್ರಿ’ ಅಂದೆ. ಅಂಗಡಿಯವ ಹೊಟ್ಟೆ ಹಿಡಿದು ನಕ್ಕ. ನಮ್ಮ ಕಡೆ ಪುಟಾಣಿ ಅಂದರೆ ಹುರಿಗಡಲೆ. ಅಲ್ಲಿ ಪುಟಾಣಿ ಅಂದರೆ ಚಿಕ್ಕ ಮಗು!

ಕ್ಲಾಸಿನಲ್ಲೂ ಅದೇ ಕಥೆ. ‘ಬಂದೇನ್ರಿ ಸರ’ ಅಂದರೆ ಸಾಕು, ಇಡೀ ಕ್ಲಾಸು ಗೊಳ್! ಮೆಸ್ಸಿನಲ್ಲಿ ರಾಗಿಮುದ್ದೆ ಅಗಿಯುತ್ತ ಕೂತರೆ ಅದಕ್ಕೂ ನಗು. ‘ಏನ್ರೀ’ ಅಂತಲೇ ಹೆಸರಿಟ್ಟರು. ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಮೂರು ವಾರ ಕಳೆದ ಮೇಲೆ ಅಪ್ಪನಿಗೆ ಕಾಗದ ಬರೆದೆ: ‘ನಾ ಇಲ್ಲಿ ಇರೂದಿಲ್ಲ. ಧಾರವಾಡಕ್ಕ ವಾಪಸ್ ಹೋಗ್ತೇನಿ.’

ಆ ಕಾಗದ ಜೇಬಿನಲ್ಲಿದ್ದ ಸಂಜೆಯೇ ರೂಮ್‌ಮೇಟ್ ನನ್ನನ್ನು ಸಿನಿಮಾಕ್ಕೆ ಎಳೆದುಕೊಂಡು ಹೋದ. ಮಂಡ್ಯ ಕಡೆಯ ಹುಡುಗ, ಅಣ್ಣಾವ್ರ ಪರಮ ಭಕ್ತ. ನೂಕುನುಗ್ಗಲಿನಲ್ಲಿ ಗಾಂಧಿ ಕ್ಲಾಸ್ ಟಿಕೆಟ್ ಹೊಡೆದೆವು. ಪರದೆಯ ಮೇಲೆ ಅಣ್ಣಾವ್ರ ಮುಖ ಕಂಡಿದ್ದೇ ತಡ, ಸಿಳ್ಳೆಯೋ ಸಿಳ್ಳೆ! ನನಗೆ ಗೊತ್ತಿಲ್ಲದಂತೆ ಗಂಟಲಿನಿಂದ ಹೊರಟಿತು...

‘ಹೌದೋ ಹುಲಿಯಾ!’

ನಮ್ಮ ಕಡೆ ಬಯಲಾಟದಲ್ಲಿ, ಕುಸ್ತಿ ಕಣದಲ್ಲಿ ಕೂಗುವ ಕೂಗು ಅದು. ಮುಂದಿನ ಸಾಲಿನವರು ತಿರುಗಿ ನೋಡಿದರು. ಮುಗೀತು ನನ್ನ ಕಥೆ ಅಂದುಕೊಂಡೆ. ಒಬ್ಬ ಕಿರುಚಿದ: ‘ಇನ್ನೊಂದ್ ಸಲ ಕೂಗ್ಲಾ!’ ಇಂಟರ್‌ವಲ್ ಹೊತ್ತಿಗೆ ಇಡೀ ಗಾಂಧಿ ಕ್ಲಾಸೇ ‘ಹೌದೋ ಹುಲಿಯಾ’ ಅನ್ನುತ್ತಿತ್ತು!

ಹಾಸ್ಟೆಲಿಗೆ ನಡೆದು ಬರುವಾಗ ಕಾಗದದ ವಿಷಯ ಹೇಳಿದೆ. ಮಂಡ್ಯದವ ರೇಗಿದ. ‘ಚಿಕ್ಕ ವಯಸ್ಸಲ್ಲೇ ಸ್ಕೂಲ್ ಬಿಟ್ಟ ಅಣ್ಣಾವ್ರಿಗೆ ಇದೇ ಯೂನಿವರ್ಸಿಟಿ 1976ರಲ್ಲಿ ಡಾಕ್ಟರೇಟ್ ಕೊಡ್ತು. 1982ರಲ್ಲಿ ಅವರು ಗೋಕಾಕ್ ಚಳವಳಿಗೆ ಇಳಿದಿದ್ದು ಬರೀ ಮೈಸೂರು ಕನ್ನಡಕ್ಕೇನ್ಲಾ? ನಿಂದೂ ಕನ್ನಡಾನೇ ಕಣ್ಲಾ!’

ಉತ್ತರ ಹೊಳೆಯಲಿಲ್ಲ. ಕಾಗದ ಅಂಚೆಗೆ ಬೀಳಲಿಲ್ಲ.

ಆ ವರ್ಷ ಹಾಸ್ಟೆಲ್ ಡೇಗೆ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಆಡೋಣ ಅಂತಾಯಿತು. ‘ಕಾಡು ಕುದುರೆ’ ಚಿತ್ರ ನಿರ್ದೇಶಿಸಿದ ಅದೇ ಕಂಬಾರರು. ಬೆಳಗಾವಿ ಸೀಮೆಯ ಮಾತಿನ ನಾಟಕ. ಮೈಸೂರು ಹುಡುಗರ ನಾಲಿಗೆ ಹೊರಳಲೇ ಇಲ್ಲ. ಮೂಲೆಯಲ್ಲಿ ಕೂತಿದ್ದ ನಾನು ತಡೆಯಲಾರದೆ ‘ಹಂಗಲ್ಲೋ ತಮ್ಮಾ, ಹಿಂಗ ಅನಬೇಕು’ ಅಂದೆ. ಅವತ್ತಿನಿಂದ ನಾನೇ ಮೇಷ್ಟ್ರು! ‘ಏನ್ರೀ’ ಅಂತ ಹೆಸರಿಟ್ಟವನೇ ದಿನಾ ರಾತ್ರಿ ನನ್ನ ರೂಮಿಗೆ ಬಂದು ಮಾತು ಕಲಿತ. ಬಸಣ್ಣನ ಪಾತ್ರ ನನಗೇ ಬಂತು, ಮಂಡ್ಯದವ ಗೌಡ. ನಾಟಕದ ರಾತ್ರಿ ಜನ ನಕ್ಕರು. ನನ್ನ ಮಾತಿನ ರೀತಿಗಲ್ಲ, ಮಾತಿನ ಮೋಜಿಗೆ. ಆ ಎರಡು ನಗುವಿನ ವ್ಯತ್ಯಾಸ ಅವತ್ತು ನನಗೆ ತಿಳಿಯಿತು. ಅಷ್ಟರಲ್ಲಿ ಮುದ್ದೆ ನುಂಗುವುದನ್ನು ನಾನೂ ಕಲಿತಿದ್ದೆ. ನನ್ನ ಟ್ರಂಕಿನ ರೊಟ್ಟಿಗೆ ಕನ್ನ ಹಾಕುವುದನ್ನು ಅವರೂ ಕಲಿತಿದ್ದರು!

2011ರಲ್ಲಿ ಕಂಬಾರರಿಗೆ 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ ಪ್ರಕಟವಾಯಿತು. ಅವತ್ತು ಫೋನು ಬಾರಿಸಿತು. ಮಂಡ್ಯದವನೇ! ಹಲೋ ಇಲ್ಲ, ಹೇಗಿದ್ದೀ ಇಲ್ಲ.

‘ಹೌದೋ ಹುಲಿಯಾ! ನಮ್ಮ ನಾಟಕದ ಮೇಷ್ಟ್ರಿಗೆ ಬಂತು ಕಣ್ಲಾ!’

‘ನಮ್ಮ’ ಅಂದ ನೋಡಿ... ಅಷ್ಟೇ ಸಾಕು.

ಗೆಳೆಯರೇ, ಹೊಸ ಊರಿನ ಕಾಲೇಜಿಗೆ ಟ್ರಂಕು ಹೊತ್ತು ಹೊರಟಿದ್ದೀರಾ? ನಿಮ್ಮೂರ ಮಾತನ್ನು ಊರಲ್ಲೇ ಬಿಟ್ಟು ಹೋಗಬೇಡಿ. ಅದಕ್ಕೆ ಚಪ್ಪಾಳೆ ಹೊಡೆಯುವವನು ಅಲ್ಲೂ ಒಬ್ಬನಿರುತ್ತಾನೆ. ಬಹುಶಃ ಗಾಂಧಿ ಕ್ಲಾಸಿನಲ್ಲಿ!